ಓದುಗರ ಪ್ರಶ್ನೆ, ನಮ್ಮ ಉತ್ತರ: ಸೊನ್ನೆಯಿಂದ ಭಾಗಿಸಿದಾಗ ಲಿಸ್ಪ್ ಏನು ಮಾಡಬೇಕು?

ಈ ಸಲ ನಮಗೆ ಬಂದ ತಾಂತ್ರಿಕ ಪ್ರಶ್ನೆಗಳಲ್ಲಿ ಹಲವು ಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೆಕ್ಕಾಚಾರದ ದೋಷಗಳ ಸುತ್ತಲೇ ಇದ್ದುದರಿಂದ ಅವನ್ನು ಒಟ್ಟಿಗೆ ಕೊಡುತ್ತಿದ್ದೇವೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಹಾಕಿದ್ದೇವೆ. ಲಿಸ್ಪ್‌ನ ಮೂಲ ಪದಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಅಚ್ಚು ಮಾಡಿದೆ. ಕಂಪ್ಯೂಟರಿನಲ್ಲಿ ಅವನ್ನು ರೋಮನ್ ಲಿಪಿಯಲ್ಲೇ ಟೈಪ್ ಮಾಡಬೇಕು. ನೀವೇ ಇಡುವ ಹೆಸರುಗಳ ಮಾತು ಬೇರೆ: ಎಸ್‌ಬಿಸಿಎಲ್‌ನಂಥ ಕಂಪೈಲರುಗಳಲ್ಲಿ ಫಂಕ್ಷನ್ನಿಗೆ ‘ಸರಾಸರಿ’ ಎಂದು ಕನ್ನಡದಲ್ಲೇ ಹೆಸರಿಟ್ಟರೂ ನಡೆಯುತ್ತದೆ.

ಪ್ರಶ್ನೆ: ಮುಂಬಯಿಯಲ್ಲಿ ನಮ್ಮ ಕುಟುಂಬದ ಕೆಲವು ಹೋಟೆಲುಗಳಿವೆ. ಪ್ರತಿ ಬ್ರಾಂಚಿನ ಗಲ್ಲಾದಿಂದ ದಿನದ ಮಾರಾಟ ಮತ್ತು ಬಿಲ್ಲುಗಳ ಸಂಖ್ಯೆ ಬರುತ್ತದೆ. ಒಂದು ಬಿಲ್ಲಿಗೆ ಸರಾಸರಿ ಎಷ್ಟಾಯಿತು ಎಂಬ ತಿಂಗಳ ವರದಿಯನ್ನು ಕಾಮನ್ ಲಿಸ್ಪ್‌ನಲ್ಲಿ (ಲಿಸ್ಪ್‌ನ ಒಂದು ಪ್ರಭೇದ) ಬರೆದ ಪ್ರೋಗ್ರಾಮು ರಾತ್ರಿ ತಯಾರಿಸುತ್ತದೆ. ಒಂದು ಬ್ರಾಂಚು ರಿಪೇರಿಗೆಂದು ಮುಚ್ಚಿದ್ದ ದಿನ ಬಿಲ್ಲುಗಳು ಸೊನ್ನೆಯಾಗಿ ಪ್ರೋಗ್ರಾಮು ನಡುವೆ ನಿಂತಿತು, ಅರ್ಧ ಬರೆದ ವರದಿಯ ಫೈಲೂ ಕಾಣೆಯಾಯಿತು. ಆಮೇಲೆ ಎಲ್ಲವನ್ನೂ ‘ಇಗ್ನೋರ್-ಎರರ್ಸ್’ ಒಳಗೆ ಹಾಕಿ, ಉತ್ತರ ಬಾರದಿದ್ದಲ್ಲಿ 0 ಬರುವಂತೆ ಮಾಡಿದೆ. ಈಗ ನಿಲ್ಲುವುದಿಲ್ಲ, ಆದರೆ ಸರಾಸರಿಗಳು ಕಡಿಮೆ ಬರುತ್ತಿವೆ ಎಂದು ನಮ್ಮ ದೊಡ್ಡಪ್ಪ ಹೇಳುತ್ತಾರೆ. ಸರಿಯಾದ ದಾರಿ ಯಾವುದು? (ಮಾಟುಂಗಾ)

ಉತ್ತರ: ನಿಮ್ಮ ದೊಡ್ಡಪ್ಪನವರ ಅನುಮಾನ ಸರಿಯಾಗಿದೆ. ಒಂದು ದಿನ ಮೂರು ಬ್ರಾಂಚುಗಳ ಸರಾಸರಿ 220, 240, 200 ರೂಪಾಯಿ ಇದ್ದು ನಾಲ್ಕನೆಯದು ಮುಚ್ಚಿತ್ತು ಎಂದಿಟ್ಟುಕೊಳ್ಳಿ. ಮುಚ್ಚಿದ ಬ್ರಾಂಚಿಗೆ 0 ಎಂದು ಬರೆದು ನಾಲ್ಕರಿಂದ ಭಾಗಿಸಿದರೆ 165 ಬರುತ್ತದೆ; ಅದನ್ನು ಬಿಟ್ಟು ಮೂರರಿಂದ ಭಾಗಿಸಿದರೆ 220. ವ್ಯಾಪಾರವೇ ನಡೆಯದ ದಿನಕ್ಕೆ ‘ಒಂದು ಬಿಲ್ಲಿಗೆ ಸೊನ್ನೆ ರೂಪಾಯಿ’ ಎಂಬುದು ಉತ್ತರವೇ ಅಲ್ಲ. ಆ ದಿನದ ಮಟ್ಟಿಗೆ ಆ ಪ್ರಶ್ನೆಯನ್ನು ಕೇಳುವಂತಿಲ್ಲ, ಅಷ್ಟೆ. ಜೊತೆಗೆ, ಸರಾಸರಿಗಳ ಸರಾಸರಿ ತೆಗೆಯುವ ಪದ್ಧತಿಯೇ ನಮಗೆ ಒಪ್ಪಿಗೆಯಿಲ್ಲ. ದಿನಕ್ಕೆ 900 ಬಿಲ್ಲು ಹರಿಯುವ ಬ್ರಾಂಚಿಗೂ 90 ಬಿಲ್ಲಿನ ಬ್ರಾಂಚಿಗೂ ಅದು ಒಂದೇ ತೂಕ ಕೊಡುತ್ತದೆ. ತಿಂಗಳ ಒಟ್ಟು ಮಾರಾಟವನ್ನು ತಿಂಗಳ ಒಟ್ಟು ಬಿಲ್ಲುಗಳಿಂದ ಭಾಗಿಸಿ. ಅಲ್ಲಿ ಮುಚ್ಚಿದ ದಿನ ತಾನಾಗಿಯೇ ಲೆಕ್ಕದಿಂದ ಹೊರಗುಳಿಯುತ್ತದೆ ಮತ್ತು ಭಾಜಕ ಸೊನ್ನೆಯಾಗುವ ಸಂಭವ ಬಹುಮಟ್ಟಿಗೆ ಇಲ್ಲವಾಗುತ್ತದೆ.

ಆದರೂ ದಿನವಾರು ಪಟ್ಟಿ ನಿಮಗೆ ಬೇಕೇ ಬೇಕು, ಆದ್ದರಿಂದ ಮೂಲ ಪ್ರಶ್ನೆಗೆ ಬರೋಣ. ಲಿಸ್ಪ್‌ನಲ್ಲಿ ಭಾಗಾಕಾರದ ಚಿಹ್ನೆ ಮೊದಲು, ಸಂಖ್ಯೆಗಳು ಆಮೇಲೆ. ಕಾಮನ್ ಲಿಸ್ಪ್‌ನಲ್ಲಿ (/ 0 0) ಎಂದರೂ (/ 18450 0) ಎಂದರೂ ಎದ್ದೇಳುವುದು ಒಂದೇ ದೋಷ, ‘ಡಿವಿಜನ್-ಬೈ-ಜೀರೋ’. ಹೋಟೆಲಿನ ಲೆಕ್ಕದಲ್ಲಿ ಮಾತ್ರ ಇವೆರಡರ ಅರ್ಥ ಪೂರ್ತಿ ಬೇರೆ. ಮೊದಲನೆಯದು ಬಾಗಿಲು ಮುಚ್ಚಿದ್ದ ದಿನ. ಎರಡನೆಯದರಲ್ಲಿ 18,450 ರೂಪಾಯಿ ಗಲ್ಲಾಕ್ಕೆ ಬಂದಿದೆ, ಆದರೆ ಒಂದು ಬಿಲ್ಲೂ ದಾಖಲಾಗಿಲ್ಲ: ಯಾವುದೋ ಕ್ಯಾಟರಿಂಗ್ ಆರ್ಡರಿನ ಹಣವನ್ನು ಬಿಲ್ಲಿಲ್ಲದೆ ಸೇರಿಸಿರಬಹುದು, ಬಿಲ್ಲುಗಳ ಕಾಲಮ್ಮು ತುಂಬಲು ಮರೆತಿರಬಹುದು, ಇನ್ನೂ ಕೆಟ್ಟದ್ದೇನಾದರೂ ಇರಬಹುದು. ನಿಮ್ಮ ‘ಇಗ್ನೋರ್-ಎರರ್ಸ್’ ಇವೆರಡನ್ನೂ ಒಂದೇ ಸೊನ್ನೆಯ ಅಡಿ ಹೂತುಬಿಟ್ಟಿದೆ. ಅಷ್ಟೇ ಅಲ್ಲ, ಅದು ಹೆಸರಿಗೆ ತಕ್ಕಂತೆ ಎಲ್ಲ ದೋಷಗಳನ್ನೂ ನುಂಗುತ್ತದೆ. ಬ್ರಾಂಚಿನ ಫೈಲು ಬಂದೇ ಇಲ್ಲದಿದ್ದರೂ, ಫಂಕ್ಷನ್ನಿನ ಹೆಸರನ್ನು ನೀವು ತಪ್ಪಾಗಿ ಟೈಪ್ ಮಾಡಿದ್ದರೂ ಅದು ‘ನಿಲ್’ (ಏನೂ ಇಲ್ಲ ಎಂಬ ಗುರುತು) ಕೊಡುತ್ತದೆ, ನೀವು ಅದನ್ನು 0 ಮಾಡಿಕೊಳ್ಳುತ್ತೀರಿ. ದೋಷದ ವಿವರವನ್ನು ಅದು ಎರಡನೆಯ ಮೌಲ್ಯವಾಗಿ ಹಿಂದಿರುಗಿಸುತ್ತದೆ, ನಿಜ. ಅದನ್ನು ತೆಗೆದು ನೋಡುವವರು ಅಪರೂಪ.

ಭಾಗಾಕಾರ ಮಾಡುವ ಫಂಕ್ಷನ್ನಿಗೆ ಎರಡು ಸಂಖ್ಯೆಗಳ ಹೊರತು ಬೇರೇನೂ ಗೊತ್ತಿಲ್ಲ. ಬ್ರಾಂಚು ಯಾವುದು, ರಿಪೇರಿ ನಡೆದಿತ್ತೇ, ವರದಿಯನ್ನು ಓದುವವರು ಯಾರು ಎಂಬುದು ಗೊತ್ತಿರುವುದು ಅದನ್ನು ಕರೆದ ಮೇಲಿನ ಫಂಕ್ಷನ್ನಿಗೆ. ಹೀಗಾಗಿ ಏನು ಮಾಡಬೇಕೆಂಬ ತೀರ್ಮಾನ ಮೇಲೆ ಆಗಬೇಕು, ಆ ತೀರ್ಮಾನದಂತೆ ಕೆಲಸವನ್ನು ಮುಂದುವರಿಸುವ ಸೌಲಭ್ಯ ಕೆಳಗೆ ಇರಬೇಕು. 1994ರಲ್ಲಿ ಆನ್ಸಿ ಮಾನಕವಾದ ಕಾಮನ್ ಲಿಸ್ಪ್‌ನ ‘ಕಂಡಿಷನ್’ ವ್ಯವಸ್ಥೆ ಇದಕ್ಕೆಂದೇ ಇದೆ, ಮತ್ತು ಈ ವಿಷಯದಲ್ಲಿ ಆಮೇಲೆ ಬಂದ ಎಷ್ಟೋ ಭಾಷೆಗಳಿಗಿಂತ ಅದು ಮುಂದಿದೆ ಎಂಬುದು ನಮ್ಮ ಅಭಿಪ್ರಾಯ. ಕೆಳಗಿನ ಫಂಕ್ಷನ್ನು ಹೀಗಿರಲಿ:

(ಡಿಫನ್ ಸರಾಸರಿ (ಮಾರಾಟ ಬಿಲ್ಲು)
  (ರೀಸ್ಟಾರ್ಟ್-ಕೇಸ್ (/ ಮಾರಾಟ ಬಿಲ್ಲು)
    (ಬದಲಿ-ಮೊತ್ತ (ಮೊತ್ತ) ಮೊತ್ತ)
    (ಖಾಲಿ-ಬಿಡು () :ಲೆಕ್ಕವಿಲ್ಲ)))

ಇಲ್ಲಿ ‘ಸರಾಸರಿ’ ಯಾವ ತೀರ್ಮಾನವನ್ನೂ ತೆಗೆದುಕೊಳ್ಳುತ್ತಿಲ್ಲ. ಭಾಗಾಕಾರ ಕೈಕೊಟ್ಟರೆ ಬೇರೊಂದು ಮೊತ್ತವನ್ನು ಕೊಡಬಹುದು ಅಥವಾ ಆ ಮನೆಯನ್ನು ಖಾಲಿ ಬಿಡಬಹುದು ಎಂದು ಎರಡು ದಾರಿಗಳನ್ನು ಮುಂದಿಡುತ್ತದೆ, ಅಷ್ಟೆ. ಇಂಥ ದಾರಿಗೆ ‘ರೀಸ್ಟಾರ್ಟ್’ ಎಂದು ಹೆಸರು. ಯಾವ ದಾರಿ ಎಂದು ಹೇಳುವುದು ವರದಿಯ ಫಂಕ್ಷನ್ನು, ‘ಹ್ಯಾಂಡ್ಲರ್’ ಎಂಬ ದೋಷ ಹಿಡಿಯುವ ಸಾಲುಗಳ ಮೂಲಕ:

(ಹ್ಯಾಂಡ್ಲರ್-ಬೈಂಡ್
    ((ಡಿವಿಜನ್-ಬೈ-ಜೀರೋ
       (ಲ್ಯಾಂಬ್ಡಾ (ದೋಷ)
         (ದಾಖಲಿಸು ದೋಷ)
         (ಇನ್ವೋಕ್-ರೀಸ್ಟಾರ್ಟ್ 'ಖಾಲಿ-ಬಿಡು))))
  (ತಿಂಗಳ-ವರದಿ))

‘ದಾಖಲಿಸು’ ಎಂಬುದು ನೀವು ಬರೆಯಬೇಕಾದ ಫಂಕ್ಷನ್ನು. ದೋಷದ ವಸ್ತುವಿನ ಮೇಲೆ ‘ಅರಿತ್‌ಮೆಟಿಕ್-ಎರರ್-ಆಪರಾಂಡ್ಸ್’ ಕರೆದರೆ ಭಾಗಾಕಾರಕ್ಕೆ ಹೋದ ಸಂಖ್ಯೆಗಳು (18450 0) ಎಂಬ ಪಟ್ಟಿಯಾಗಿ ಸಿಗುತ್ತವೆ. ಮೊದಲನೆಯದು ಸೊನ್ನೆಯಾಗಿದ್ದರೆ ಸುಮ್ಮನೆ ಖಾಲಿ ಬಿಡಿ. ಸೊನ್ನೆಯಲ್ಲದಿದ್ದರೆ ಬ್ರಾಂಚು ಮತ್ತು ತಾರೀಖಿನೊಂದಿಗೆ ಬೇರೊಂದು ಪಟ್ಟಿಗೆ ಬರೆಸಿ, ಬೆಳಿಗ್ಗೆ ಯಾರಾದರೂ ಫೋನ್ ಮಾಡಿ ವಿಚಾರಿಸಲಿ. ವರದಿಯಲ್ಲಿ ಆ ಜಾಗಕ್ಕೆ ಒಂದು ಗೆರೆ ಎಳೆದರೆ ಸಾಕು. ‘:ಲೆಕ್ಕವಿಲ್ಲ’ ಎಂಬ ಗುರುತನ್ನು ಮುಂದೆ ಯಾರಾದರೂ ಗೊತ್ತಿಲ್ಲದೆ ಕೂಡಲು ಹೋದರೆ ‘ಟೈಪ್-ಎರರ್’ (ತಪ್ಪು ಬಗೆಯ ಮೌಲ್ಯ ಕೊಟ್ಟ ದೋಷ) ಬರುತ್ತದೆ, ಅದು ಬರಬೇಕಾದದ್ದೇ. ಸೊನ್ನೆಯಾಗಿದ್ದರೆ ಸದ್ದಿಲ್ಲದೆ ಮೊತ್ತದೊಳಗೆ ಸೇರಿಹೋಗುತ್ತಿತ್ತು.

ಫೈಲು ಕಾಣೆಯಾದ ಸಂಗತಿಯನ್ನೂ ಹೇಳಿಬಿಡುತ್ತೇವೆ. ‘ವಿತ್-ಓಪನ್-ಫೈಲ್’ ಒಳಗೆ ಬರೆಯುತ್ತಿರುವಾಗ ದೋಷದಿಂದಾಗಿ ಹೊರಬಿದ್ದರೆ, ಲಿಸ್ಪ್ ಆ ಫೈಲನ್ನು ‘ರದ್ದು’ ಎಂಬ ಸೂಚನೆಯೊಂದಿಗೆ ಮುಚ್ಚುತ್ತದೆ. ಆಗ ಹೊಸದಾಗಿ ತೆರೆದ ಫೈಲು ಇರಲೇ ಇಲ್ಲವೆಂಬಂತೆ ಅಳಿಸಿಹೋಗುವುದು ವಾಡಿಕೆ. ಅರ್ಧ ವರದಿಯನ್ನು ಪೂರ್ತಿ ಎಂದು ಯಾರೂ ನಂಬದಿರಲಿ ಎಂಬುದು ಅದರ ಉದ್ದೇಶ, ಹಾಗಾಗಿ ಅದನ್ನು ತಪ್ಪಿಸುವ ದಾರಿಯನ್ನು ಹುಡುಕಬೇಡಿ. ರಾತ್ರಿ ಯಾರೂ ಇಲ್ಲದ ಹೊತ್ತಿನಲ್ಲಿ ಪ್ರೋಗ್ರಾಮು ಡಿಬಗ್ಗರ್ (ದೋಷ ಹುಡುಕುವ ಪರದೆ) ತೆರೆದುಕೊಂಡು ಕಾಯುತ್ತ ಕೂರುವುದನ್ನು ಮಾತ್ರ ತಪ್ಪಿಸಬೇಕು. ಎಸ್‌ಬಿಸಿಎಲ್‌ನಲ್ಲಿ ಡಿಬಗ್ಗರನ್ನು ನಿಲ್ಲಿಸುವ ಆಯ್ಕೆಯೊಂದಿಗೆ ಓಡಿಸಿದರೆ, ಯಾರೂ ಹಿಡಿಯದ ದೋಷ ಬಂದಾಗ ಅದು ಕರೆಗಳ ಜಾಡನ್ನು ಮುದ್ರಿಸಿ ವಿಫಲವೆಂಬ ಸಂಕೇತದೊಂದಿಗೆ ಹೊರಬರುತ್ತದೆ.

ಪ್ರಶ್ನೆ: ‘ಹ್ಯಾಂಡ್ಲರ್-ಕೇಸ್’ ಇರುವಾಗ ‘ಹ್ಯಾಂಡ್ಲರ್-ಬೈಂಡ್’ ಏಕೆ ಬೇಕು? ನಮ್ಮ ತಂಡದ ಹಿರಿಯರೊಬ್ಬರು ಇವೆರಡೂ ಬೇಡ, ಭಾಗಿಸುವ ಮೊದಲೇ ಸೊನ್ನೆಯೇ ಎಂದು ಪರೀಕ್ಷಿಸಿದರೆ ಮುಗಿಯಿತು ಎನ್ನುತ್ತಾರೆ. (ಹಿಂಜವಡಿ, ಪುಣೆ)

ಉತ್ತರ: ನಿಮ್ಮ ಹಿರಿಯರ ಮಾತಿನಲ್ಲಿ ಹುರುಳಿದೆ. ಭಾಗಿಸುವವರೂ ಏನು ಮಾಡಬೇಕೆಂದು ತೀರ್ಮಾನಿಸುವವರೂ ಒಬ್ಬರೇ ಆಗಿದ್ದರೆ, ಒಂದು ‘ಇಫ್’ ಮತ್ತು ಸೊನ್ನೆಯೇ ಎಂದು ಕೇಳುವ ಒಂದು ‘ಜೀರೋಪಿ’ ಸಾಕು; ಅಲ್ಲಿ ಕಂಡಿಷನ್ನುಗಳ ಸಂಭ್ರಮ ಅನಾವಶ್ಯಕ. ಹಲವರು ಬಳಸುವ ಲೈಬ್ರರಿಯ ಮಾತು ಬಂದಾಗ ಅವರ ಸಲಹೆ ಸಾಲದು, ಏಕೆಂದರೆ ಪರೀಕ್ಷಿಸಿ ಸೊನ್ನೆ ಎಂದು ತಿಳಿದ ಮೇಲೆ ಲೈಬ್ರರಿ ಏನನ್ನು ಹಿಂದಿರುಗಿಸಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

‘ಹ್ಯಾಂಡ್ಲರ್-ಕೇಸ್’ ದೋಷ ಕಂಡೊಡನೆ ತನ್ನ ಒಳಗಿನ ಕರೆಗಳನ್ನೆಲ್ಲ ಮಡಚಿ, ತಾನಿರುವ ಜಾಗಕ್ಕೆ ಹಿಂದಿರುಗಿದ ಮೇಲೆ ನಿಮ್ಮ ಪರಿಹಾರದ ಸಾಲುಗಳನ್ನು ನಡೆಸುತ್ತದೆ. ‘ಹ್ಯಾಂಡ್ಲರ್-ಬೈಂಡ್’ನ ಫಂಕ್ಷನ್ನು ದೋಷ ನಡೆದ ಜಾಗದಲ್ಲೇ, ಕರೆಗಳು ಇನ್ನೂ ಜೀವಂತವಾಗಿರುವಾಗಲೇ ಓಡುತ್ತದೆ. ಮೇಲಿನ ಹೋಟೆಲಿನ ಉದಾಹರಣೆಯಲ್ಲಿ 30 ದಿನಗಳ ಲೂಪಿನ ಹೊರಗೆ ‘ಹ್ಯಾಂಡ್ಲರ್-ಕೇಸ್’ ಹಾಕಿದರೆ, 4ನೇ ತಾರೀಖಿನ ಸೊನ್ನೆಗೆ ಲೂಪು ಮುಗಿದೇ ಹೋಗುತ್ತದೆ, 5ನೇ ತಾರೀಖು ಬರುವುದೇ ಇಲ್ಲ. ‘ಹ್ಯಾಂಡ್ಲರ್-ಬೈಂಡ್’ ಮತ್ತು ರೀಸ್ಟಾರ್ಟ್ ಸೇರಿದರೆ 4ರ ಮನೆ ಖಾಲಿ ಉಳಿದು ಲೂಪು ಮುಂದಕ್ಕೆ ಸಾಗುತ್ತದೆ. ಲೂಪಿನ ಒಳಗೇ ‘ಹ್ಯಾಂಡ್ಲರ್-ಕೇಸ್’ ಹಾಕಬಹುದಲ್ಲ ಎನ್ನುತ್ತೀರಿ. ಹಾಕಬಹುದು, ಆದರೆ ಆಗ ಲೂಪನ್ನು ಬರೆದವರೇ ನೀತಿಯನ್ನೂ ಬರೆದಂತಾಯಿತು, ಬೇರೆ ವರದಿಗೆ ಬೇರೆ ನೀತಿ ಬೇಕಾದಾಗ ಆ ಫಂಕ್ಷನ್ನಿಗೇ ಕೈಹಾಕಬೇಕಾಗುತ್ತದೆ. ಇಡೀ ಕೆಲಸವನ್ನೇ ಕೈಬಿಟ್ಟು ಬಳಕೆದಾರರಿಗೆ ಒಂದು ಸಂದೇಶವನ್ನು ತೋರಿಸುವುದಷ್ಟೇ ಗುರಿಯಾಗಿದ್ದಲ್ಲಿ ‘ಹ್ಯಾಂಡ್ಲರ್-ಕೇಸ್’ ಸರಳವೂ ಹೌದು, ಸಾಕೂ ಹೌದು.

ಹೊಸಬರು ಎಡವುವ ಒಂದು ಜಾಗವನ್ನು ಹೇಳಬೇಕು. ‘ಹ್ಯಾಂಡ್ಲರ್-ಬೈಂಡ್’ನ ಫಂಕ್ಷನ್ನು ಯಾವ ರೀಸ್ಟಾರ್ಟನ್ನೂ ಕರೆಯದೆ ಸಹಜವಾಗಿ ಮುಗಿದರೆ, ‘ಇದು ನನ್ನ ಕೆಲಸವಲ್ಲ’ ಎಂದು ಹೇಳಿದಂತೆ. ಲಿಸ್ಪ್ ಅದರ ಹೊರಗಿನ ಹ್ಯಾಂಡ್ಲರನ್ನು ಹುಡುಕುತ್ತದೆ, ಯಾರೂ ಸಿಗದಿದ್ದರೆ ಡಿಬಗ್ಗರಿಗೆ ಹೋಗುತ್ತದೆ. ಅದು ಏನನ್ನು ಹಿಂದಿರುಗಿಸಿತು ಎಂಬುದಕ್ಕೆ ಬೆಲೆಯಿಲ್ಲ. ದೋಷವನ್ನು ದಾಖಲಿಸಿ ತೀರ್ಮಾನವನ್ನು ಮೇಲಿನವರಿಗೆ ಬಿಡಬೇಕಾದಾಗ ಈ ಗುಣವೇ ಉಪಯೋಗಕ್ಕೆ ಬರುತ್ತದೆ. ಇನ್ನು ‘ಹ್ಯಾಂಡ್ಲರ್-ಕೇಸ್’ನಲ್ಲಿ ಹಲವು ದೋಷಗಳನ್ನು ಹಿಡಿಯುವಾಗ ‘ಡಿವಿಜನ್-ಬೈ-ಜೀರೋ’ ಮೊದಲು ಬರಲಿ, ಅದನ್ನು ಒಳಗೊಳ್ಳುವ ‘ಅರಿತ್‌ಮೆಟಿಕ್-ಎರರ್’ ಆಮೇಲೆ ಬರಲಿ. ಅದಲುಬದಲಾದರೆ ಎರಡನೆಯದಕ್ಕೆ ಸರದಿ ಸಿಗುವುದಿಲ್ಲ.

ಪ್ರಶ್ನೆ: ನಾನು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಒಳಗೆ ಲಿಸ್ಪ್ ಬರೆಯುತ್ತೇನೆ. ಅಲ್ಲಿಯೂ ಇದೇ ನಿಯಮವೇ? (ಮಡಗಾಂವ್)

ಉತ್ತರ: ಅಲ್ಲ. ಈಮ್ಯಾಕ್ಸ್ ಲಿಸ್ಪ್‌ನಲ್ಲಿ (/ 5 2) ಎಂದರೆ 2, ಕಾಮನ್ ಲಿಸ್ಪ್‌ನಲ್ಲಾದರೋ 5/2 ಎಂಬ ಭಿನ್ನರಾಶಿ. ಈಮ್ಯಾಕ್ಸ್‌ನಲ್ಲಿ (/ 5 0) ಎಬ್ಬಿಸುವ ದೋಷದ ಹೆಸರು ‘ಅರಿತ್-ಎರರ್’, ಹಿಡಿಯುವುದು ‘ಕಂಡಿಷನ್-ಕೇಸ್’. ಆದರೆ (/ 5.0 0) ಎಂದು ದಶಮಾಂಶದಲ್ಲಿ ಬರೆದರೆ ದೋಷವಿಲ್ಲದೆ ಅನಂತ ಬರುತ್ತದೆ, ಆದ್ದರಿಂದ ಹ್ಯಾಂಡ್ಲರನ್ನು ನಂಬಿ ಕೂರಬೇಡಿ. ಎಷ್ಟು ದೊಡ್ಡ ಪೂರ್ಣಾಂಕವಾದರೂ ಕೆಡದಿರುವ ಸೌಲಭ್ಯ ಅಲ್ಲಿ 2020ರ 27ನೇ ಆವೃತ್ತಿಯಿಂದ ಇದೆ.

ಪ್ರಶ್ನೆ: ದೋಷ ಬಂದರೆ ಹಿಡಿಯಬಹುದು. ದೋಷವೇ ಬಾರದೆ ಉತ್ತರ ತಪ್ಪಾದರೆ? ನನ್ನ ಪ್ರಾಜೆಕ್ಟಿನಲ್ಲಿ ಮೊತ್ತ ಒಂದು ಹಂತದ ಮೇಲೆ ಏರುವುದೇ ಇಲ್ಲ. ಇನ್ನೊಂದು ಕಡೆ ವರ್ಗಮೂಲದ ಸಾಲು ದಾಟಿದ ಮೇಲೆ, ಸಂಬಂಧವಿಲ್ಲದ ಹೋಲಿಕೆಯ ಸಾಲಿನಲ್ಲಿ ‘ಟೈಪ್-ಎರರ್’ ಬರುತ್ತದೆ. (ವಾಸ್ಕೊ, ಗೋವಾ)

ಉತ್ತರ: ಮೊತ್ತ ನಿಲ್ಲುವುದು ಬಹುಶಃ 1,67,77,216ರ ಆಸುಪಾಸಿನಲ್ಲಿರಬೇಕು. ಕಾಮನ್ ಲಿಸ್ಪ್‌ನಲ್ಲಿ ಚುಕ್ಕಿ ಇಟ್ಟು ಬರೆದ ಸಂಖ್ಯೆ, ನೀವು ಬೇರೆ ಹೇಳದ ಹೊರತು, ಸಿಂಗಲ್-ಫ್ಲೋಟ್, ಅಂದರೆ ಸೀಮಿತ ನಿಖರತೆಯ ದಶಮಾಂಶ ಸಂಖ್ಯೆ. ಅದರಲ್ಲಿ ಅಂಕಿಗಳಿಗೆ ಇರುವುದು 24 ಬಿಟ್ಟುಗಳು. ಹಾಗಾಗಿ (+ 16777216.0 1.0) ಎಂದು ಕೂಡಿದರೆ ಉತ್ತರ ಮತ್ತೆ ಅದೇ 16777216, ಆ ಒಂದನ್ನು ಎಷ್ಟು ಸಲ ಕೂಡಿದರೂ ಅಷ್ಟೇ. ಫಲಿತಾಂಶ ನಿಖರವಲ್ಲ ಎಂದು ಸಾರುವ ‘ಫ್ಲೋಟಿಂಗ್-ಪಾಯಿಂಟ್-ಇನ್‌ಎಕ್ಸಾಕ್ಟ್’ ಎಂಬ ದೋಷ ಭಾಷೆಯಲ್ಲಿ ಇದೆ, ಆದರೆ ದಶಮಾಂಶದ ಬಹುಪಾಲು ಲೆಕ್ಕಗಳು ನಿಖರವಲ್ಲದ ಕಾರಣ ಅದನ್ನು ಸಾಮಾನ್ಯವಾಗಿ ಎಚ್ಚರಗೊಳಿಸಿರುವುದಿಲ್ಲ. ಡಬಲ್-ಫ್ಲೋಟ್ ಬಳಸಿದರೆ ಮಿತಿ ಬಹಳ ಮೇಲಕ್ಕೆ ಹೋಗುತ್ತದೆ. ಅದು ಹಣದ ಲೆಕ್ಕವಾಗಿದ್ದರೆ ಅದೂ ಬೇಡ, ಎಲ್ಲವನ್ನೂ ಪೈಸೆಗಳಲ್ಲಿ ಪೂರ್ಣಾಂಕವಾಗಿ ಇಡಿ; ಕಾಮನ್ ಲಿಸ್ಪ್‌ನ ಪೂರ್ಣಾಂಕ ಮೆಮೊರಿ ಇರುವವರೆಗೂ ಬೆಳೆಯುತ್ತದೆ, ತುಂಬಿ ಚೆಲ್ಲುವುದಿಲ್ಲ. ‘249.10’ ಎಂಬ ಬರಹವನ್ನು ಲಿಸ್ಪ್‌ನ ‘ರೀಡ್’ಗೆ ಕೊಟ್ಟರೆ ಅದು ಫ್ಲೋಟಾಗಿಬಿಡುತ್ತದೆ. ಚುಕ್ಕಿಯ ಬಳಿ ಎರಡು ತುಂಡು ಮಾಡಿ ಬೇರೆ ಬೇರೆಯಾಗಿ ಓದಿ, ಮತ್ತು ‘249.1’ ಎಂದಿದ್ದಲ್ಲಿ ಅದು ಒಂದು ಪೈಸೆಯಲ್ಲ, ಹತ್ತು ಪೈಸೆ ಎಂಬುದನ್ನು ನೋಡಿಕೊಳ್ಳಿ. ಫ್ಲೋಟಾದ ಮೇಲೆ ಭಿನ್ನರಾಶಿಗೆ ಮರಳಿಸಿದರೆ ಏನಾಗುತ್ತದೆಂದು ನೋಡಬೇಕಿದ್ದರೆ 0.1ರ ಮೇಲೆ ‘ರ‍್ಯಾಷನಲ್’ ಕರೆಯಿರಿ: 1/10 ಬದಲು 13421773/134217728 ಬರುತ್ತದೆ.

ವರ್ಗಮೂಲದ ತೊಡಕು ಇನ್ನೂ ಸ್ವಾರಸ್ಯದ್ದು. ಕಾಮನ್ ಲಿಸ್ಪ್‌ನಲ್ಲಿ ಋಣ ಸಂಖ್ಯೆಯ ವರ್ಗಮೂಲ ದೋಷವಲ್ಲ; -4ರ ವರ್ಗಮೂಲ ಕೇಳಿದರೆ ಅದು ಕಾಂಪ್ಲೆಕ್ಸ್ ಸಂಖ್ಯೆಯೊಂದನ್ನು ನಿರಾಳವಾಗಿ ಕೊಡುತ್ತದೆ. ನೀವು ಬಹುಶಃ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆದು ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕಹಾಕುತ್ತಿದ್ದೀರಿ. ಅಂಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ಆಗಿದ್ದಾಗ ಸೊನ್ನೆ ಬರಬೇಕಾದಲ್ಲಿ ಫ್ಲೋಟಿನ ಸವಕಳಿಯಿಂದ ಕೂದಲೆಳೆಯಷ್ಟು ಋಣ ಸಂಖ್ಯೆ ಬರುತ್ತದೆ, ವರ್ಗಮೂಲ ಕಾಂಪ್ಲೆಕ್ಸ್ ಆಗುತ್ತದೆ, ಅಂಥ ಸಂಖ್ಯೆಗಳಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲದ ಕಾರಣ ಅದನ್ನು ಮತ್ತೊಂದರೊಂದಿಗೆ ‘>’ ಎಂದು ಹೋಲಿಸುವ ಸಾಲಿನಲ್ಲಿ ಪ್ರೋಗ್ರಾಮು ಮುಗ್ಗರಿಸುತ್ತದೆ. ಅಲ್ಲಿ ಬರುವುದು ‘ಅರಿತ್‌ಮೆಟಿಕ್-ಎರರ್’ ಕುಟುಂಬಕ್ಕೆ ಸೇರದ ದೋಷವಾದ್ದರಿಂದ ನಿಮ್ಮ ಹ್ಯಾಂಡ್ಲರಿಗೆ ಅದು ಕಾಣುವುದಿಲ್ಲ. ಮೊದಲು ಸರಾಸರಿ ತೆಗೆದು, ಪ್ರತಿ ಅಂಕಿಯ ವ್ಯತ್ಯಾಸದ ವರ್ಗಗಳನ್ನು ಕೂಡಿರಿ. ಆ ಮೊತ್ತ ಋಣವಾಗಲು ಸಾಧ್ಯವೇ ಇಲ್ಲ.

ಎಸ್‌ಬಿಸಿಎಲ್‌ನಲ್ಲಿ ಫ್ಲೋಟ್ ದೋಷಗಳ ಬಾಯಿ ಮುಚ್ಚಿಸುವ ಸೌಲಭ್ಯವೊಂದಿದೆ, ಬೇರೆ ಭಾಷೆಗಳ ಲೈಬ್ರರಿಗಳನ್ನು ಕರೆಯುವಾಗ ಅದು ಬೇಕಾಗುತ್ತದೆ. ನಿಮ್ಮ ಸ್ವಂತ ಲೆಕ್ಕಕ್ಕೆ ಅದನ್ನು ಬಳಸಿದರೆ ದೋಷದ ಬದಲು ಅನಂತ ಅಥವಾ ‘ಸಂಖ್ಯೆಯಲ್ಲ’ ಎಂಬ ಗುರುತು ಹುಟ್ಟಿ, ಮುಂದಿನ ಪ್ರತಿ ಕೂಡುವಿಕೆಗೂ ಹರಡುತ್ತದೆ. ಫ್ಲೋಟ್ ಲೆಕ್ಕಗಳ ಐಇಇಇ 754 ಮಾನಕ 1985ರಿಂದಲೇ 0.0/0.0 ಮತ್ತು 5.0/0.0 ಇವೆರಡನ್ನು ಬೇರೆ ಬೇರೆ ಘಟನೆಗಳೆಂದು ಎಣಿಸುತ್ತ ಬಂದಿದೆ ಎಂಬುದನ್ನು, ಮೇಲಿನ ಮಾಟುಂಗಾದ ಪ್ರಶ್ನೆಯನ್ನು ಓದಿದವರು ಗಮನಿಸಬಹುದು.

ಪ್ರಶ್ನೆ: ತೆರಿಗೆಯ ಮೊತ್ತವನ್ನು ರೂಪಾಯಿಗೆ ಸರಿಮಾಡಲು ‘ರೌಂಡ್’ ಬಳಸಿದೆ. ಕೆಲವೊಮ್ಮೆ ಒಂದು ರೂಪಾಯಿ ಕಡಿಮೆ ಬರುತ್ತದೆ, ದೋಷದ ಸಂದೇಶವೇನೂ ಇಲ್ಲ. (ಡೊಂಬಿವಲಿ)

ಉತ್ತರ: ಕಾಮನ್ ಲಿಸ್ಪ್‌ನ ‘ರೌಂಡ್’ ಸರಿಯಾಗಿ ಅರ್ಧಕ್ಕೆ ಬಂದ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. 7/2 ಕೊಟ್ಟರೆ 4, ಆದರೆ 5/2 ಕೊಟ್ಟರೆ 3 ಅಲ್ಲ, 2. ನಿಮ್ಮ ಮೊತ್ತ 1,842 ರೂಪಾಯಿ 50 ಪೈಸೆಯಾಗಿದ್ದರೆ ಅದು 1,842 ಎನ್ನುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಕಲಮು 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು ಎನ್ನುತ್ತದೆ, ಅಂದರೆ 1,843. ಲಿಸ್ಪ್ ತನ್ನ ನಿಯಮವನ್ನು ಪಾಲಿಸಿದೆ, ಹೀಗಾಗಿ ದೋಷ ಬರುವ ಪ್ರಶ್ನೆಯೇ ಇಲ್ಲ. ಮೊತ್ತಕ್ಕೆ 1/2 ಕೂಡಿ, ‘ಫ್ಲೋರ್’ನಿಂದ ಕೆಳಗಿನ ಪೂರ್ಣಾಂಕಕ್ಕೆ ಇಳಿಸಿರಿ, 0.5 ಎಂದು ಬರೆಯದೆ 1/2 ಎಂದೇ ಬರೆಯಿರಿ, ಇಲ್ಲವಾದರೆ ಇಡೀ ಲೆಕ್ಕ ಫ್ಲೋಟಿಗೆ ಜಾರುತ್ತದೆ. ವಾಪಸಾತಿಯ ಮೊತ್ತಗಳನ್ನು ನೀವು ಋಣ ಸಂಖ್ಯೆಗಳಾಗಿ ಬರೆದಿಟ್ಟಿದ್ದರೆ ಈ ಉಪಾಯ -5/2 ಅನ್ನು -3 ಮಾಡದೆ -2 ಮಾಡುತ್ತದೆ, ಆದ್ದರಿಂದ ಚಿಹ್ನೆಯನ್ನು ಬದಿಗಿಟ್ಟು ಮೊತ್ತವನ್ನು ಸರಿಮಾಡಿ, ಆಮೇಲೆ ಚಿಹ್ನೆಯನ್ನು ಹಚ್ಚಬೇಕು.